ಕಿಲೋ ಲೆಕ್ಕ, ಕಾಳಿನ ಲೆಕ್ಕ

ನನ್ನ ಮೊದಲನೇ ವರ್ಷದ ಜೋಳದ ಬೀಜದ ಪ್ರಯೋಗ ಪೂರ್ತಿ ತಪ್ಪಿತ್ತು. ಅದು ತಪ್ಪು ಅಂತ ತಿಳಿಯುವ ಹೊತ್ತಿಗೆ ಅರ್ಧ ಊರಿಗೆ ಅದರ ಫಲಿತಾಂಶ ಹೇಳಿ ಮುಗಿಸಿದ್ದೆ.

ನಮ್ಮದು ಅಕ್ಕಲಕೋಟ ತಾಲ್ಲೂಕು, ದುಧನಿ ಕಡೆಗೆ. ಜಿಲ್ಲೆ ಮಹಾರಾಷ್ಟ್ರದ ಸೊಲ್ಲಾಪುರ, ಹೊಲದ ದಾಖಲೆಯಾದ ಸಾತ್‌ಬಾರಾ ಉತಾರ ಮರಾಠಿಯಲ್ಲಿ, ಹೊಲದ ಮಾತು ಮಾತ್ರ ಕನ್ನಡದಲ್ಲಿ. ಕನ್ನಡ ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತನಾದ ಮೇಲೆ ನಾಲ್ಕು ಎಕರೆ ಎರೆ ಹೊಲಕ್ಕೆ ನಾನೇ ಇಳಿದೆ. ಹಿಂಗಾರಿಗೆ ಮಾಲದಂಡಿ ಜೋಳ ಬಿಟ್ಟು ಬೇರೆ ಮಾತಿಲ್ಲ. ಉತ್ತರಿ, ಹಸ್ತಾ ಮಳೆಗೆ ನೆಲ ನೀರು ಕುಡಿದು ಕೂತಿರುತ್ತದೆ. ಬಿತ್ತಿದ ಮೇಲೆ ಮಳೆ ಬಂದರೆ ಬಂತು, ಬರದಿದ್ದರೆ ಆ ಕುಡಿದ ನೀರಲ್ಲೇ ನಾಲ್ಕು ತಿಂಗಳು ಬೆಳೆ ದಾಟಬೇಕು. ಹೊಲದಲ್ಲಿ ಎಷ್ಟು ಸಸಿ ಇರಬೇಕು ಅನ್ನುವ ಪ್ರಶ್ನೆ ನಮ್ಮ ಕಡೆ ಇಷ್ಟು ಬಿಗಿಯಾಗುವುದು ಅದಕ್ಕೇ. ನೀರಾವರಿ ಇದ್ದವನು ತಪ್ಪು ಮಾಡಿದರೆ ಇನ್ನೊಂದು ನೀರು ಬಿಟ್ಟು ಮುಚ್ಚಿಕೊಳ್ಳುತ್ತಾನೆ. ನಮಗೆ ಆ ಸೌಲಭ್ಯ ಇಲ್ಲ.

ಆ ವರ್ಷ ಬೀಜದ ಜೋಳವನ್ನು ಸಾಣಿಗೆ ಹಿಡಿದು ಎರಡು ಪಾಲು ಮಾಡಿದೆ. ಸಾಣಿಗೆ ಮೇಲೆ ಉಳಿದದ್ದು ದಪ್ಪ ಕಾಳು, ಕೆಳಗೆ ಬಿದ್ದದ್ದು ಸಣ್ಣ ಕಾಳು. ಎರಡೂ ಒಂದೇ ತಳಿ, ಒಂದೇ ಹೊಲದ್ದು. ಅರ್ಧ ಎಕರೆಗೆ ದಪ್ಪದ್ದು 2 ಕಿಲೋ, ಪಕ್ಕದ ಅರ್ಧ ಎಕರೆಗೆ ಸಣ್ಣದ್ದು 2 ಕಿಲೋ. ಒಂದೇ ದಿನ, ಒಂದೇ ಕೂರಿಗೆ. ನ್ಯಾಯವಾಗಿ ಹಂಚಿದ್ದೇನೆ ಅಂತಲೇ ಅಂದುಕೊಂಡೆ.

ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಎಲ್ಲರೂ ಹೊಲಕ್ಕೆ ಬಂದಾಗ ವ್ಯತ್ಯಾಸ ಕುರುಡನಿಗೂ ಕಾಣುವಂತಿತ್ತು. ಈ ಕಡೆ ದಂಟು ಹೆಬ್ಬೆರಳ ದಪ್ಪ, ಹೊಡೆ ಹಿರಿದು ತೆನೆ ತುಂಬಿ ನಿಂತಿತ್ತು. ಆ ಕಡೆ ದಂಟು ಕಿರುಬೆರಳು, ತೆನೆ ಅರ್ಧ ಹೊರಗೆ ಅರ್ಧ ಒಳಗೆ. ನಾನು ಸಜ್ಜೆ ರೊಟ್ಟಿ ಮುರಿಯುತ್ತ ಪಾಠ ಶುರು ಮಾಡಿದೆ: ನೋಡ್ರಿ, ಬೀಜ ದಪ್ಪ ಇದ್ದರೆ ಬೆಳೆ ದಪ್ಪ. ಕಾಕಾ ತಲೆದೂಗಿದ. ಮನೆಯವಳು ಮಾತ್ರ ಭಜ್ಜಿ ಪಲ್ಯ ಬಡಿಸುತ್ತ, "ಈ ಕಡಿ ಕಾಲಿಡಲಿಕ್ಕ ಜಾಗ ಅದ, ಆ ಕಡಿ ಇಲ್ಲ" ಅಂದಳು. ಆ ಮಾತಿನಲ್ಲೇ ಉತ್ತರ ಇತ್ತು. ನಾನು ಕೇಳಿಸಿಕೊಳ್ಳಲಿಲ್ಲ.

ಕೇಳಿಸಿಕೊಳ್ಳುವಂತೆ ಮಾಡಿದವನು ತಮ್ಮನ ಮಗ, ಕೃಷಿ ಕಾಲೇಜಿನ ಹುಡುಗ. ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆ ನೋಡಿಕೊಂಡು ಊರಿಗೆ ಬಂದಿದ್ದ. ಹೊಲ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ದೊಡ್ಡಪ್ಪಾ, ಕಾಳು ಎಣಿಸಿದ್ರೇನು?"

"ತೂಕ ಮಾಡೀನಲ್ಲೋ."

"ತೂಕ ಸರಿ ರೀ. ಎಷ್ಟು ಕಾಳು ಬಿದ್ದಾವ?"

ಮೂವತ್ತು ವರ್ಷ ಗಣಿತ ಹೇಳಿದವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೇ.

ಅಡಿಗೆಮನೆಯ ತಕ್ಕಡಿಯಲ್ಲಿ ನೂರು ಕಾಳು ಮುಳ್ಳನ್ನೇ ಅಲುಗಿಸಲಿಲ್ಲ. ಮರುದಿನ ಅಕ್ಕಲಕೋಟಕ್ಕೆ ಹೋಗಿ ಪರಿಚಯದ ಪತ್ತಾರನ ಅಂಗಡಿ ಹತ್ತಿದೆ. ಬಂಗಾರ ತೂಗುವ ಯಂತ್ರದ ಮೇಲೆ ಜೋಳ ಸುರಿದವನು ನಾನೇ ಮೊದಲಿಗ ಇರಬೇಕು. ದಪ್ಪದ್ದು 100 ಕಾಳಿಗೆ 3.9 ಗ್ರಾಂ. ಸಣ್ಣದ್ದು 2.5 ಗ್ರಾಂ. ಪತ್ತಾರ ನಕ್ಕು, ಗಾಜಿನ ಕಪಾಟಿನೊಳಗಿಂದ ಒಂದು ಡಬ್ಬಿ ತೆಗೆದು ಅವರಜ್ಜನ ಕಾಲದ ಗುಲಗಂಜಿ ತೋರಿಸಿದ. "ಮೊದಲ ಇದರಲ್ಲೇ ತೂಗತಿದ್ರು ಸರ್. ಎಲ್ಲಾ ಕಾಳು ಒಂದೇ ತೂಕ ಅಂತ ನಂಬಿಕಿ." ಒಂದೊಂದಾಗಿ ಯಂತ್ರದ ಮೇಲೆ ಇಟ್ಟೆವು. ಎರಡನೆಯದೇ ಮೊದಲನೆಯದಕ್ಕೆ ಹೊಂದಲಿಲ್ಲ. ಅಂಗಡಿಯಲ್ಲಿ ಗಿರಾಕಿ ಇದ್ದರು, ಪತ್ತಾರ ಡಬ್ಬಿ ಮುಚ್ಚಿದ.

ಲೆಕ್ಕ ಬಸ್ಸಿನಲ್ಲೇ ಮಾಡಿದೆ. 2 ಕಿಲೋ ದಪ್ಪ ಬೀಜ ಅಂದರೆ ಸುಮಾರು 51 ಸಾವಿರ ಕಾಳು. 2 ಕಿಲೋ ಸಣ್ಣ ಬೀಜ ಅಂದರೆ 80 ಸಾವಿರ. ಸಾಲಿನಿಂದ ಸಾಲಿಗೆ 45 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 15 ಸೆಂಟಿಮೀಟರ್ ಅನ್ನುವ ಶಿಫಾರಸಿನ ಪ್ರಕಾರ ಅರ್ಧ ಎಕರೆಗೆ ಬೇಕಾದದ್ದು ಸುಮಾರು 30 ಸಾವಿರ ಗಿಡ. ನಾನು ಎರಡೂ ಕಡೆ ಹೆಚ್ಚೇ ಸುರಿದಿದ್ದೆ, ಸಣ್ಣ ಬೀಜದ ಕಡೆ ಎರಡೂವರೆ ಪಟ್ಟಿಗಿಂತ ಹೆಚ್ಚು. ಎಳ್ಳಮಾವಾಸ್ಯೆ ದಿನ ಕಂಡ ಸಣಕಲು ದಂಟು ಸಣ್ಣ ಕಾಳಿನ ಗುಣವೋ, ಇಕ್ಕಟ್ಟಿನ ಫಲವೋ ಬೇರೆ ಮಾಡಿ ಹೇಳುವ ದಾರಿಯೇ ಇರಲಿಲ್ಲ. ಅಂಗಡಿಯವರು, ಪುಸ್ತಕದವರು, ನಾವು, ಎಲ್ಲರೂ ಬೀಜವನ್ನು ಎಕರೆಗೆ ಇಷ್ಟು ಕಿಲೋ ಅನ್ನುತ್ತೇವೆ. ನೆಲದೊಳಗೆ ಜಗಳ ಆಡುವುದು ಮಾತ್ರ ಗಿಡಗಳ ಸಂಖ್ಯೆ.

ನಮ್ಮವರು ಒತ್ತಾಗಿ ಬಿತ್ತುವುದಕ್ಕೆ ಕಾರಣ ಇಲ್ಲದಿಲ್ಲ. ಸುಳಿನೊಣ ಬಂತೆಂದರೆ ಮೊಳೆತು ಎರಡು ಮೂರು ವಾರದ ಸಸಿಯ ನಡುಸುಳಿ ಒಣಗಿಸಿ ಹೋಗುತ್ತದೆ. ಬಿತ್ತನೆ ತಡವಾದಷ್ಟೂ ಅದರ ಕಾಟ ಜಾಸ್ತಿ. ಹತ್ತರಲ್ಲಿ ನಾಲ್ಕು ಹೋದರೂ ಆರು ಉಳಿಯಲಿ ಅಂತ ಕೈ ಬಿಗಿ ಹಿಡಿಯದೆ ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತಾರೆ. ನೊಣ ಬಾರದ ವರ್ಷ ಹತ್ತಕ್ಕೆ ಹತ್ತೂ ಉಳಿಯುತ್ತವೆ. ಆಗ ಹೆಚ್ಚಿನ ಸಸಿ ಕೀಳಬೇಕು. ಯಾರೂ ಕೀಳುವುದಿಲ್ಲ. ಕೂಲಿ ಒಂದು ಕಾರಣ, ಇನ್ನೊಂದು ಕಾಕಾ ಹೇಳುವುದು: "ಹುಟ್ಟಿದ್ದನ್ನ ಕೀಳಲಿಕ್ಕ ಕೈ ಹ್ಯಾಂಗ ಬರ್ತದೋ?"

ಎರಡನೇ ವರ್ಷ ಸಣ್ಣದಾಗಿ, ಆದರೆ ಎಣಿಸಿ ಮಾಡಬೇಕು ಅಂತ ನಿರ್ಧರಿಸಿದೆ. ಹದಿನಾರೂವರೆ ಅಡಿ ಚೌಕದ ಒಂಬತ್ತು ಮಡಿ, ಒಂದೊಂದೂ ಕಾಲು ಗುಂಟೆ. ಸಾಲು ಎಲ್ಲದರಲ್ಲೂ ಒಂದೂವರೆ ಅಡಿ ದೂರ. ಸಾಲಿನೊಳಗೆ ಮೂರು ಮಡಿಗೆ ಗಿಡದಿಂದ ಗಿಡಕ್ಕೆ 3 ಇಂಚು, ಮೂರಕ್ಕೆ 6 ಇಂಚು, ಮೂರಕ್ಕೆ 12 ಇಂಚು. ಪ್ರತಿ ಅಂತರದಲ್ಲೂ ಒಂದು ಮಡಿಗೆ ದಪ್ಪ ಬೀಜ, ಒಂದಕ್ಕೆ ಸಣ್ಣ ಬೀಜ, ಒಂದಕ್ಕೆ ಮಿಶ್ರ. ಮಿಶ್ರ ಅಂದರೆ ಕಲಸಿ ಎರಚುವುದಲ್ಲ, ಒಂದು ಕುಣಿಗೆ ದಪ್ಪ, ಮುಂದಿನದಕ್ಕೆ ಸಣ್ಣ, ಮತ್ತೆ ದಪ್ಪ. ಯಾವ ಗಿಡ ಯಾವ ಕಾಳಿನದು ಅಂತ ಕೊನೆಯವರೆಗೂ ತಿಳಿಯಬೇಕಲ್ಲ. ಇದು ತಮ್ಮನ ಮಗನ ಉಪಾಯ.

ಇದಕ್ಕೆಲ್ಲ ಸಾಧನ ಒಂದು ಹಗ್ಗ. ಮೂರು ಇಂಚಿಗೊಂದು ಗಂಟು, ಎರಡನೇ ಗಂಟಿಗೆಲ್ಲ ಕೆಂಪು ದಾರ. ಆರು ಇಂಚಿನ ಮಡಿಗೆ ಕೆಂಪು ದಾರ ಮಾತ್ರ ನೋಡಬೇಕು, ಹನ್ನೆರಡಕ್ಕೆ ಒಂದು ಬಿಟ್ಟು ಒಂದು ದಾರ. ಗಂಟು ಹಾಕುವುದರಲ್ಲಿ ಒಂದು ಇಡೀ ಸಂಜೆ ಹೋಯಿತು. ಗಂಟು ಬಿದ್ದಷ್ಟೂ ಹಗ್ಗ ಗಿಡ್ಡ ಆಗುತ್ತದೆ ಅಂತ ಅರ್ಧ ಆದ ಮೇಲೆ ಹೊಳೆಯಿತು, ಮತ್ತೆ ಬಿಚ್ಚಿ ಅಳೆದು ಕಟ್ಟಿದೆ.

ಬಿತ್ತುವ ಮುಂಚೆ ಹಸಿ ಬಟ್ಟೆಯಲ್ಲಿ ನೂರು ನೂರು ಕಾಳು ಕಟ್ಟಿ ಮೊಳಕೆ ನೋಡಿದೆ. ದಪ್ಪದ್ದು 94, ಸಣ್ಣದ್ದು 89. ನಾನು ಇದಕ್ಕಿಂತ ಹೆಚ್ಚು ವ್ಯತ್ಯಾಸ ನಿರೀಕ್ಷಿಸಿದ್ದೆ.

ಹಸ್ತಾ ಮಳೆ ಮುಗಿಯುವುದರೊಳಗೆ ನಾನು, ಮನೆಯವಳು, ಇಬ್ಬರು ಹೆಣ್ಣಾಳು ಕೂಡಿ ಕುಣಿಗೆ ಎರಡು ಕಾಳಿನಂತೆ ಊರಿದೆವು. ಹತ್ತಿರ ಹತ್ತಿರ ನಾಲ್ಕು ಸಾವಿರ ಕುಣಿ. ಸೊಂಟ ನೆಟ್ಟಗಾಗಲು ಎರಡು ದಿನ ಬೇಕಾಯಿತು. ಹದಿನೈದು ದಿನಕ್ಕೆ ಕುಣಿಗೊಂದೇ ಸಸಿ ಬಿಟ್ಟು ಉಳಿದದ್ದು ಕಿತ್ತೆವು. ಕಾಕಾ ಒಡ್ಡಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ. "ಮಾಸ್ತರ, ಸಾಲಿ ಬಿಟ್ರೂ ಹಾಜರಿ ತಗೊಳ್ಳೂದು ಬಿಡಲಿಲ್ಲ ನೀ" ಅಂದ.

ಮೊದಲ ತಿಂಗಳು ದಪ್ಪ ಬೀಜದ್ದೇ ರಾಜ್ಯ. ಕಾಳಿನೊಳಗಿನ ಹಿಟ್ಟೇ ಸಸಿಯ ಬುತ್ತಿ. ಬೇರು ಇಳಿದು ಎಲೆ ಬಿಚ್ಚಿ ತಾನೇ ದುಡಿದು ತಿನ್ನುವವರೆಗೆ ಅದರ ಮೇಲೆ ಬದುಕಬೇಕು. ಮೇಲ್ಮಣ್ಣು ಒಣಗಿದಾಗ ಹಸಿ ಸಿಗುವ ಆಳಕ್ಕೆ ಊರಬೇಕಾಗುತ್ತದೆ, ಆ ಆಳದಿಂದ ಏಳಲು ಬುತ್ತಿ ದೊಡ್ಡದಿದ್ದವನಿಗೆ ಸುಲಭ. ದಪ್ಪ ಕಾಳಿನ ಸಸಿಗಳು ಒಂದು ದಿನ ಮೊದಲೇ ಎದ್ದವು, ಮೂರನೇ ವಾರಕ್ಕೆ ಒಂದು ಎಲೆ ಮುಂದಿದ್ದವು, ನಾಲ್ಕು ಬೆರಳು ಎತ್ತರವೂ ಇದ್ದವು. ಇಲ್ಲಿಯವರೆಗೆ ನನ್ನ ಹಳೆಯ ಪಾಠವೇ ನಿಜ ಅನ್ನಿಸುತ್ತಿತ್ತು.

ಆಮೇಲೆ ಹನ್ನೆರಡು ಇಂಚಿನ ಮಡಿಗಳಲ್ಲಿ ವಿಚಿತ್ರ ನಡೆಯಿತು. ಐವತ್ತು ದಿನ ದಾಟುವ ಹೊತ್ತಿಗೆ ದಪ್ಪ ಬೀಜದ ಮಡಿ ಯಾವುದು, ಸಣ್ಣ ಬೀಜದ್ದು ಯಾವುದು ಅಂತ ಗೂಟಕ್ಕೆ ಕಟ್ಟಿದ ಚೀಟಿ ನೋಡದೆ ಹೇಳಲಾಗಲಿಲ್ಲ. ಜಾಗ ಸಿಕ್ಕರೆ ತಡವಾಗಿ ಹೊರಟವನೂ ಸೇರುತ್ತಾನೆ. ಈ ಅಂತರದ ಮಿಶ್ರ ಮಡಿ ಏನಾಯಿತು ಅಂತ ಮಾತ್ರ ಕೇಳಬೇಡಿ. ಒಂದು ರಾತ್ರಿ ಚಿಗರಿ ಹಿಂಡು ಬಂದು ಅದೊಂದನ್ನೇ ಸಾಪಾಗಿ ಮೇಯ್ದು ಹೋಗಿತ್ತು. ಒಂಬತ್ತರಲ್ಲಿ ಅದನ್ನೇ ಯಾಕೆ ಆರಿಸಿದವೋ, ಅವಕ್ಕೆ ಮಿಶ್ರ ಊಟ ರುಚಿಸಿತೇನೋ. ನನ್ನ ವಹಿಯಲ್ಲಿ ಆ ಮನೆ ಖಾಲಿ.

ಮೂರು ಇಂಚಿನ ಮಿಶ್ರ ಮಡಿಯ ಕಥೆಯೇ ಬೇರೆ. ಅದರ ಮುಂದೆ ನಾನು ಗಂಟೆಗಟ್ಟಲೆ ಕೂತಿದ್ದೇನೆ. ನಾಲ್ಕು ಬೆರಳಿನ ಅಂತರ ಅಲ್ಲಿ ಮುಚ್ಚಿಕೊಳ್ಳಲಿಲ್ಲ, ಬೆಳೆಯುತ್ತ ಹೋಯಿತು. ದಪ್ಪ ಕಾಳಿನವನು ಮೊದಲೇ ತಲೆ ಎತ್ತಿ ಎಲೆ ಚಾಚಿದ. ಅವನ ನೆರಳು ಪಕ್ಕದವನ ಮೇಲೆ ಬಿತ್ತು. ನೆರಳಲ್ಲಿ ಇದ್ದವನು ಇನ್ನೂ ನಿಧಾನ ಆದ, ನಿಧಾನ ಆದಷ್ಟೂ ಹೆಚ್ಚು ನೆರಳು ತಿಂದ. ಕಂತು ತಪ್ಪಿದ ಸಾಲದ ಬಡ್ಡಿ ಇದ್ದ ಹಾಗೆ. ಬಿಸಿಲಿನ ಜಗಳದಲ್ಲಿ ಎತ್ತರದವನು ತನ್ನ ಪಾಲಿಗಿಂತ ಹೆಚ್ಚು ಕಸಿಯುತ್ತಾನೆ, ಗಿಡ್ಡನು ಅವನಿಂದ ಏನನ್ನೂ ಕಸಿಯಲಾರ. ನೀರಿನ ಜಗಳ ಅಷ್ಟು ಅನ್ಯಾಯದ್ದಲ್ಲ, ಯಾರ ಬೇರು ಎಷ್ಟಿದೆಯೋ ಸುಮಾರಾಗಿ ಅಷ್ಟು ನೀರು. ಇಲ್ಲಿ ಎರಡೂ ಕೂಡಿದವು. ಸೋತ ಗಿಡ ಸಾಯಲಿಲ್ಲ ಅನ್ನುವುದೇ ಕಷ್ಟ. ಸತ್ತಿದ್ದರೆ ಪಕ್ಕದವನಿಗೆ ಜಾಗ ಆಗುತ್ತಿತ್ತು. ಸೊಂಟದೆತ್ತರಕ್ಕೆ ನಿಂತು, ಹೊಡೆ ಹಿರಿಯದೆ, ನೆಲದ ನೀರು ಮಾತ್ರ ಕುಡಿಯುತ್ತ ಗೊಡ್ಡಾಗಿ ಉಳಿಯಿತು. ಅಂಚಿನ ಸಾಲು ಬಿಟ್ಟು ಒಳಗಿನ ಸಾಲು ಎಣಿಸಿದೆ. ಸಣ್ಣ ಕಾಳಿನ ಗಿಡಗಳಲ್ಲಿ ಹತ್ತಿರ ಹತ್ತಿರ ಅರ್ಧಕ್ಕೆ ತೆನೆಯೇ ಇಲ್ಲ, ಇದ್ದರೂ ನಾಲ್ಕು ಕಾಳು. ದಪ್ಪ ಕಾಳಿನವುಗಳಲ್ಲಿ ಹತ್ತಕ್ಕೊಂದು ಗೊಡ್ಡು.

ಪಕ್ಕದಲ್ಲೇ ಮೂರು ಇಂಚಿನದೇ, ಬರೀ ಸಣ್ಣ ಬೀಜದ ಮಡಿ ಇತ್ತು. ಅಷ್ಟೇ ಇಕ್ಕಟ್ಟು, ಅವೇ ಸಣ್ಣ ಕಾಳು. ಅಲ್ಲಿ ಗೊಡ್ಡು ಐದಕ್ಕೊಂದು. ಎಲ್ಲರೂ ಬಡವರಾದಲ್ಲಿ ಬಡತನ ಸಮವಾಗಿ ಹಂಚಿಕೆಯಾಗಿತ್ತು. ಇದನ್ನು ನೋಡಿದ ದಿನ ನನಗೆ ಪೂರ್ತಿ ತಿಳಿಯಿತು. ಸಣ್ಣ ಬೀಜ ಕೆಟ್ಟದ್ದಲ್ಲ. ಇಕ್ಕಟ್ಟಿನಲ್ಲಿ ಏರುಪೇರಿನ ಬೀಜ ಕೆಟ್ಟದ್ದು. ಸಾಣಿಗೆ ಹಿಡಿಯದೆ ಚೀಲದಿಂದ ನೇರ ಬಟ್ಟಲಿಗೆ ಸುರಿದು, ಅದೂ ಕೈ ಸಡಿಲ ಬಿಟ್ಟು ಬಿತ್ತುವ ನಾವೆಲ್ಲ ಪ್ರತಿ ವರ್ಷ ಬೆಳೆಯುತ್ತಿದ್ದುದು ಇದೇ ಮಿಶ್ರ ಮಡಿಯನ್ನು.

ಜನವರಿಯಲ್ಲಿ ಎಲ್ಲ ಮಡಿಗೂ ಹೋಗಿ ಸೀತನಿ (ಸುಟ್ಟ ಹಸಿ ತೆನೆಯ ಎಳೆ ಕಾಳು) ತಿಂದೆವು, ಅದನ್ನು ಪ್ರಯೋಗಕ್ಕೆ ಸೇರಿಸಿಲ್ಲ. ಕಾಳು ಗಟ್ಟಿಯಾಗುವ ಹೊತ್ತಿಗೆ ನೆಲದ ಹಸಿ ಮುಗಿಯುತ್ತ ಬಂತು. ಒಂದು ಸಂಜೆ ಗಾಳಿ ಬೀಸಿ, ಬೆಳಗ್ಗೆ ನೋಡಿದರೆ ಮೂರು ಇಂಚಿನ ಮಡಿಗಳಲ್ಲಿ ದಂಟು ಬುಡದ ಹತ್ತಿರ ಮುರಿದು ಮಲಗಿದ್ದವು. ಒಂದನ್ನು ಸೀಳಿದೆ. ಒಳಗೆ ಬೆಂಡು ಕೊಳೆತು ನಾರು ಉಳಿದಿತ್ತು, ನಾರಿಗೆಲ್ಲ ಇದ್ದಿಲ ಪುಡಿ ಸವರಿದ ಹಾಗೆ ಕಪ್ಪು. ಮಣ್ಣಿನಲ್ಲೇ ಇರುವ ಒಂದು ಬೂಷ್ಟಿನ ಕೆಲಸ. ತೆನೆ ಬಂದ ಮೇಲೆ ನೀರು ಸಾಲದೆ ಗಿಡ ಸೋತಾಗ ಅದು ಏರುತ್ತದೆ, ಒತ್ತಾಗಿ ಬೆಳೆದಲ್ಲಿ ಮೊದಲು. ಆರು ಇಂಚಿನಲ್ಲಿ ಅಲ್ಲೊಂದು ಇಲ್ಲೊಂದು ಬಿತ್ತು. ಹನ್ನೆರಡರಲ್ಲಿ ಒಂದೂ ಇಲ್ಲ.

ಫೆಬ್ರುವರಿಯಲ್ಲಿ ಕಿತ್ತು, ತೆನೆ ಮುರಿದು, ಮಡಿಗೊಂದು ಚೀಲ ಮಾಡಿ ಬಡಿದು ತೂಗಿದೆವು. ಆರು ಇಂಚು, ದಪ್ಪ ಬೀಜ: 3.6 ಕಿಲೋ. ಆರು ಇಂಚು, ಸಣ್ಣ ಬೀಜ: 3.4. ಮಿಶ್ರ: 3.3. ಹನ್ನೆರಡು ಇಂಚಿನ ಎರಡೂ 2.7ರ ಆಸುಪಾಸು. ಒಂದೊಂದು ತೆನೆ ನೋಡಿದರೆ ಕಣ್ಣು ತಂಪಾಗುವಂಥದ್ದು, ಆದರೆ ತೆನೆಗಳೇ ಕಡಿಮೆ, ನಡುವಿನ ಬಯಲಿನಿಂದ ನೀರು ಸುಮ್ಮನೆ ಆವಿಯಾಗಿ ಹೋಯಿತು. ಮೂರು ಇಂಚು: ದಪ್ಪದ್ದು 3, ಸಣ್ಣದ್ದು 2.7, ಮಿಶ್ರ 2.3. ಆರು ಇಂಚಿನಲ್ಲಿ ಬೀಜದ ಗಾತ್ರಕ್ಕೆ ಬಿದ್ದ ಬೆಲೆ 200 ಗ್ರಾಂ ಮಾತ್ರ. ಕಾಲು ಗುಂಟೆಯ ಒಂದೊಂದೇ ಮಡಿಯಲ್ಲಿ 200 ಗ್ರಾಂ ಅಂದರೆ ಮಣ್ಣಿನ ಏರುತಗ್ಗಿನ ಆಟವೂ ಇರಬಹುದು, ಅದನ್ನು ಹಿಡಿದು ನಾನು ಜಗಳ ಆಡುವುದಿಲ್ಲ.

ಕಣಿಕೆಯ, ಅಂದರೆ ತೆನೆ ಮುರಿದ ಮೇಲೆ ಉಳಿದ ಒಣ ದಂಟಿನ, ತೂಕ ಬೇರೆ ಮಾತು ಹೇಳಿತು. ಮೂರು ಇಂಚಿನ ಮಡಿಯಲ್ಲಿ ಆರು ಇಂಚಿನದರ ಎರಡು ಪಟ್ಟು ಗಿಡ ಇದ್ದವಲ್ಲ, ಕಣಿಕೆ ಮಾತ್ರ ಹೆಚ್ಚುಕಡಿಮೆ ಅಷ್ಟೇ. ಫೋನಿನಲ್ಲಿ ಹೇಳಿದಾಗ ತಮ್ಮನ ಮಗನಿಗೆ ಆಶ್ಚರ್ಯವೇ ಆಗಲಿಲ್ಲ. ಜಪಾನಿನ ಸಸ್ಯವಿಜ್ಞಾನಿ ತತ್ಸುವೊ ಕಿರಾ ಮತ್ತು ಜೊತೆಯವರು 1953ರಲ್ಲೇ ಇದನ್ನು ಬರೆದಿಟ್ಟಿದ್ದಾರಂತೆ. ಒಂದು ಮಿತಿ ದಾಟಿದ ಮೇಲೆ ಎಷ್ಟೇ ಗಿಡ ತುರುಕಿದರೂ ಆ ನೆಲದ ಒಟ್ಟು ಸೊಪ್ಪುದಂಟು ಅಷ್ಟೇ, ಗಿಡ ಹೆಚ್ಚಿದಂತೆ ಒಂದೊಂದರ ಪಾಲು ಇಳಿಯುತ್ತದೆ. ಕಾಳಿನ ವಿಷಯದಲ್ಲಿ ಅಲ್ಲಿಗೂ ನಿಲ್ಲುವುದಿಲ್ಲ, ಮಿತಿ ದಾಟಿದರೆ ಒಟ್ಟೂ ಕೆಳಗಿಳಿಯುತ್ತದೆ. ಗಿಡ ಮೊದಲು ತನ್ನ ಮೈ ನೋಡಿಕೊಳ್ಳುತ್ತದೆ, ಮಕ್ಕಳ ಮಾತು ಆಮೇಲೆ.

ಅದರಲ್ಲೂ ಒಂದು ಕ್ರಮ ಕಂಡೆ. ಇಕ್ಕಟ್ಟಾದಾಗ ತೆನೆ ಮೊದಲು ಕಡಿಮೆ ಮಾಡಿದ್ದು ಕಾಳಿನ ಸಂಖ್ಯೆಯನ್ನು. ಕಾಳಿನ ಗಾತ್ರವನ್ನು ಕೈಲಾದಷ್ಟು ಕಾಪಾಡಿತ್ತು, ಕೊನೆಗೆ ಹಸಿ ಪೂರ್ತಿ ಮುಗಿದ ಮೇಲೆ ಮಾತ್ರ ಅದೂ ಸೊರಗಿತು. ಮತ್ತೆ ಪತ್ತಾರನ ಅಂಗಡಿ. ಈ ಸಲ ಅವನೇ "ಜ್ವಾಳದ ಸರ್ ಬಂದ್ರು" ಅಂತ ಯಂತ್ರ ಒರೆಸಿಕೊಟ್ಟ. ಮೂರು ಇಂಚಿನ ಮಡಿಯ 100 ಕಾಳು 2.9 ಗ್ರಾಂ. ಹನ್ನೆರಡು ಇಂಚಿನದು, ದಪ್ಪ ಬೀಜದ ಬೆಳೆ 4.1. ಹನ್ನೆರಡು ಇಂಚಿನದು, ಸಣ್ಣ ಬೀಜದ ಬೆಳೆ 4.0.

ಈ ಕೊನೆಯ ಎರಡು ಅಂಕಿ ನೋಡಿದಾಗ ಅವ್ವ ನೆನಪಾದಳು. ಬೀಜಕ್ಕೆ ತೆನೆ ಆರಿಸುವಾಗ ಅವಳು ಒಡ್ಡಿನ ಬದಿಯ ತೆನೆ ಎಷ್ಟೇ ದೊಡ್ಡದಿದ್ದರೂ ಮುಟ್ಟಗೊಡುತ್ತಿರಲಿಲ್ಲ. "ಅದು ಜಾಗಾ ಸಿಕ್ಕು ಉಬ್ಬಿದ್ದು, ಅದರ ಗುಣ ಅಲ್ಲ. ನಡಹೊಲದಾಗ ಹತ್ತು ಮಂದ್ಯಾಗ ನಿಂತು ದೊಡ್ಡದಾಗಿರ್ತದಲ್ಲ, ಅದನ್ನ ತಾ" ಅನ್ನುತ್ತಿದ್ದಳು. ನಾವು ಹುಡುಗರು ದೇವರ ಹೊಲದ ಕಟ್ಟಳೆ ಏನೋ ಅಂದುಕೊಂಡಿದ್ದೆವು. ಒಂದೇ ತಳಿಯೊಳಗೆ ಕಾಳು ದಪ್ಪ ಸಣ್ಣ ಆಗುವುದು ಬಹುಪಾಲು ತಾಯಿಗಿಡ ಎಂಥ ಜಾಗದಲ್ಲಿ ನಿಂತಿತ್ತು ಅನ್ನುವುದರಿಂದ. ಸಣ್ಣ ಕಾಳಿನ ಮಗಳು ಜಾಗ ಸಿಕ್ಕರೆ ದಪ್ಪ ಕಾಳನ್ನೇ ಹೆರುತ್ತಾಳೆ.

ಎತ್ತುಗಳು ಮಾತ್ರ ನನ್ನ ಪ್ರಯೋಗಕ್ಕೆ ಒಪ್ಪಿಗೆ ಕೊಡಲಿಲ್ಲ. ಹನ್ನೆರಡು ಇಂಚಿನ ದಪ್ಪ ದಂಟನ್ನು ಮೂಸಿ ಬಿಟ್ಟವು, ಎಲೆ ಮಾತ್ರ ಎಳೆದುಕೊಂಡವು. ಒತ್ತಾಗಿ ಬೆಳೆದ ಸಣಕಲು ಕಣಿಕೆ ಹಾಕಿದರೆ ಗೋದಲಿ ಬರಿದು. ನಮ್ಮ ಕಡೆ ಕಣಿಕೆಗೂ ಒಳ್ಳೆ ರೇಟು ಇದೆ, ಬರದ ವರ್ಷ ಕಾಳಿನಷ್ಟೇ ಜನ ಅದಕ್ಕೆ ಓಡಾಡುತ್ತಾರೆ. ಒತ್ತಾಗಿ ಬಿತ್ತುವವರು ದಡ್ಡರು ಅಂತ ನಾನು ಹೇಳಲಾರೆ. ಅವರ ಲೆಕ್ಕದಲ್ಲಿ ದನ ಇದೆ, ನನ್ನ ತಕ್ಕಡಿಯಲ್ಲಿ ಇರಲಿಲ್ಲ. ಈಗ ನಾವು ಮನೆ ಹತ್ತಿರದ ಹತ್ತು ಗುಂಟೆಯಲ್ಲಿ ಸಾಣಿಗೆ ಕೆಳಗೆ ಬಿದ್ದ ಕಾಳನ್ನೇ ಒತ್ತಾಗಿ ಹಾಕುತ್ತೇವೆ, ಅದು ದನಕ್ಕೆ. ಉಳಿದ ಹೊಲಕ್ಕೆ ಸಾಣಿಗೆ ಮೇಲಿನ ಬೀಜ, ಎಕರೆಗೆ 4 ಕಿಲೋ ಬದಲು 3 ಕಿಲೋ. ಸುಳಿನೊಣದ ಹೆದರಿಕೆಗೆ ಅಷ್ಟು ಹೆಚ್ಚುವರಿ ಇರಲಿ ಅಂತ. ಮೂರನೇ ವಾರಕ್ಕೆ ಮನೆಯವಳು ಇಬ್ಬರನ್ನು ಕರೆದುಕೊಂಡು ಹೋಗಿ ಹೆಚ್ಚಿನದು ಕೀಳುತ್ತಾಳೆ. ಆ ಕೂಲಿ ನನಗೆ ಇನ್ನೂ ಚುಚ್ಚುತ್ತದೆ. ಸಸಿ ಕೀಳುವ ಕೂಲಿಯನ್ನು ಉಳಿದ ಬೀಜದ ದುಡ್ಡಿನಿಂದ ಕಳೆದರೆ ಏನೂ ಉಳಿಯುವುದಿಲ್ಲ. ಲಾಭ ಬಂದರೆ ತೆನೆಯಲ್ಲೇ ಬರಬೇಕು, ಎರಡು ವರ್ಷದಿಂದ ಬಂದಿದೆ.

ಈ ಸಲ ಹಸ್ತಾ ಮಳೆ ಹೊತ್ತಿಗೆ ಕಾಕಾ ತಾನಾಗಿಯೇ ಬಂದ. "ಒಂದ್ ಎಕರೆ ನಿನ್ನ ಗತಿ ಮಾಡಿ ನೋಡ್ತೀನಿ, ಆ ಹಗ್ಗ ಕೊಡು" ಅಂದ. ಒಂದು ಎಕರೆಯನ್ನು ಹಗ್ಗ ಹಿಡಿದು ಊರಲಾಗುವುದಿಲ್ಲ, ಅದು ಕಾಲು ಗುಂಟೆಯ ಆಟ, ಕೂರಿಗೆ ಬಟ್ಟಲಿಗೆ ಕೈ ಬಿಗಿ ಹಿಡಿದರೆ ಸಾಕು ಅಂತ ಎಷ್ಟು ಹೇಳಿದರೂ ಕೇಳದೆ ಒಯ್ದ. ತಿಂಗಳಾದರೂ ಹಗ್ಗ ಬರಲಿಲ್ಲ. ಕೇಳೋಣ ಅಂತ ಹೋದೆ. ಕೊಟ್ಟಿಗೆಯಲ್ಲಿ ಅವನ ಕರು ಕೆಂಪು ದಾರದ ಗಂಟುಗಳನ್ನು ಒಂದೊಂದಾಗಿ ಜಗಿಯುತ್ತ ನಿಂತಿತ್ತು.

"ಛಲೋ ಹಗ್ಗ ಮಾಡೀದಿ ಮಾಸ್ತರ" ಅಂದ ಕಾಕಾ. "ಗಂಟ ಅದಾವಲ್ಲ, ಎಷ್ಟ ಜಗ್ಗಿದ್ರೂ ಕೈ ಜಾರೂದಿಲ್ಲ."